ಸ್ಕ್ರೂಡ್ರೈವರಿಗೆ ಬಂದ ಸಿಟ್ಟು

ಹಳೇ ಕಾರೊಂದರ ಇಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಎರಡು ಕಾರ್ಬುರೇಟರುಗಳಿದ್ದವು. ಅವತ್ತು ಬೆಳಿಗ್ಗೆ ಸ್ಟಾರ್ಟ್ ಆದಾಗಿನಿಂದ ಕಾರು ಕರೀ ಹೊಗೆ ಉಗುಳುತ್ತಿತ್ತು. ಸರಿಮಾಡಲು ಬಂದ ಸ್ಕ್ರೂಡ್ರೈವರಿಗೆ ಆಗಲೇ ತಲೆ ಕೆಟ್ಟುಹೋಗಿತ್ತು.

“ಪೆಟ್ರೋಲು ಜಾಸ್ತಿ ಕುಡಿದು ಹೊಗೆ ಬಿಡುತ್ತಿರುವವನು ಆ ಹಿಂದಿನವನು,” ಎಂದಿತು ಮುಂದಿನ ಕಾರ್ಬುರೇಟರು.

“ನನ್ನ ಮೇಲೆ ಯಾಕೆ ಗೂಬೆ ಕೂರಿಸುತ್ತೀಯ? ಕುಡುಕ ನೀನೇ,” ಎಂದಿತು ಹಿಂದಿನದು.

ಸ್ಕ್ರೂಡ್ರೈವರು ಮುಂದಿನದರ ತಿರುಪು ಬಿಗಿದು ಪೆಟ್ರೋಲು ಕಡಿಮೆ ಮಾಡಿತು. ಹೊಗೆ ನಿಲ್ಲಲಿಲ್ಲ. ಹಿಂದಿನದನ್ನೂ ಬಿಗಿಯಿತು. ಆಗಲೂ ನಿಲ್ಲಲಿಲ್ಲ.

“ಸ್ವಾಮೀ, ಒಂದು ಮಾತು...” ಎಂದಿತು ಸ್ಟೀರಿಂಗ್ ಪಕ್ಕದ ಚೋಕಿನ ಗುಂಡಿ.

“ಮಧ್ಯೆ ಬಾಯಿ ಹಾಕಬೇಡ! ಒಳಗೆ ಕೂತ ನಿನಗೆ ಇಂಜಿನ್ನಿನ ವಿಷಯ ಏನು ಗೊತ್ತು?” ಎಂದು ರೇಗಿದ ಸ್ಕ್ರೂಡ್ರೈವರು ಎರಡನ್ನೂ ಇನ್ನಷ್ಟು ಬಿಗಿಯಿತು. ಹೊಗೆ ಬರುತ್ತಲೇ ಇತ್ತು. ಕೊನೆಗೆ ಸ್ಕ್ರೂಡ್ರೈವರಿಗೇ ಸಾಕಾಯಿತು. “ಸರಿ, ಬೊಗಳು. ಏನು ನಿನ್ನ ಮಾತು?”

“ಚಳಿಗೆ ಇಂಜಿನ್ನು ಸ್ಟಾರ್ಟ್ ಆಗಲೆಂದು ಬೆಳಿಗ್ಗೆ ನನ್ನನ್ನು ಹೊರಗೆಳೆದರು, ಸ್ವಾಮೀ. ಒಳಗೆ ತಳ್ಳುವುದನ್ನು ಮರೆತರು. ನಾನು ಹೊರಗಿರುವವರೆಗೂ ಇವರಿಬ್ಬರಿಗೂ ಗಾಳಿ ಕಡಿಮೆ, ಪೆಟ್ರೋಲೇ ಜಾಸ್ತಿ.”

“ಹಾಗಾದರೆ ಒಳಗೆ ಹೋಗು, ಮಾರಾಯ!”

ಚೋಕು ಒಳಗೆ ಸರಿಯಿತು. ಹೊಗೆ ನಿಂತಿತು. ಅದರ ಬೆನ್ನಿಗೇ ಇಂಜಿನ್ನೂ ನಿಂತಿತು.

“ಹೀಗೆ ಬಿಗಿದರೆ ನಮ್ಮ ಹೊಟ್ಟೆಗೇನು?” ಎಂದು ಎರಡೂ ಕಾರ್ಬುರೇಟರುಗಳು ಮೊದಲ ಸಲ ಒಂದೇ ದನಿಯಲ್ಲಿ ಕೂಗಿದವು.

“ಸ್ವಾಮೀ, ಇನ್ನೊಂದು ಮಾತು. ಬಿಗಿದ ತಿರುಪನ್ನು ಈಗ ಸಡಿಲ...” ಎಂದಿತು ಚೋಕು.

“ಮಧ್ಯೆ ಬಾಯಿ ಹಾಕಬೇಡ ಅಂತ ಎಷ್ಟು ಸಲ ಹೇಳಲಿ!” ಎಂದು ಕಿರುಚಿದ ಸ್ಕ್ರೂಡ್ರೈವರು ಮತ್ತೆ ಬಿಗಿಯತೊಡಗಿತು.