ನೇಕಾರನ ಮುಖ

"ಗುರುಗಳೇ, ಪಡುವಣ ನಾಡುಗಳಲ್ಲಿ ಪುನರುಜ್ಜೀವನದ ಕಾಲ ಬಂದ ಮೇಲೆ ಮನುಷ್ಯ ದೊಡ್ಡವನಾದ ಎನ್ನುತ್ತಾರೆ. ಹಾಗಾದರೆ ಅಲ್ಲಿ ದೇವರು ಚಿಕ್ಕವನಾದನೇ?" ಎಂದು ಶಿಷ್ಯ ಕೇಳಿದ.

ಕೇಳುವಾಗ ಅವನ ದನಿಯಲ್ಲಿ ಸ್ವಲ್ಪ ದಿಗಿಲಿತ್ತು. ಗುರುಗಳು ನಕ್ಕು ಕತೆ ಹೇಳಿದರು.

ಇಟಲಿಯ ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ನೇಕಾರರ ಕೇರಿಯವರು ತಮ್ಮ ಚರ್ಚಿನ ಗೋಡೆಯ ಮೇಲೆ ದೇವಮಾತೆಯ ಚಿತ್ರ ಬರೆಯುವ ಕೆಲಸವನ್ನು ಅವನಿಗೆ ಒಪ್ಪಿಸಿದರು. ಚಿತ್ರ ಬರೆಸಿದವರಲ್ಲಿ ಒಬ್ಬನನ್ನು ದೇವಮಾತೆಯ ಪಾದದ ಬಳಿ ಮಂಡಿಯೂರಿದಂತೆ ಬರೆಯುವುದು ಅಲ್ಲಿನ ವಾಡಿಕೆ. ಅದೂ ಬೆರಳುದ್ದ. ಆ ಬೆರಳುದ್ದದ ಮನುಷ್ಯನಿಗೆ ಕಣ್ಣೆಂದರೆ ಎರಡು ಚುಕ್ಕಿ, ಬಾಯೆಂದರೆ ಒಂದು ಗೀಟು. ಅವನು ಯಾರೆಂದು ಕಟ್ಟಿಕೊಂಡ ಹೆಂಡತಿಗೂ ಗೊತ್ತಾಗುತ್ತಿರಲಿಲ್ಲ. ಭಕ್ತಿಗೆ ಅಷ್ಟು ಸಾಕು ಎಂದು ಎಲ್ಲರೂ ನಂಬಿದ್ದರು.

ಈ ಚಿತ್ರಗಾರನಿಗೆ ಮಾತ್ರ ಅದು ಒಗ್ಗಲಿಲ್ಲ. ಕೇರಿಯ ಒಬ್ಬ ಮುದಿ ನೇಕಾರನನ್ನು ಎದುರಿಗೆ ಕೂರಿಸಿಕೊಂಡ. ಅವನ ಬಾಗಿದ ಕತ್ತು, ಹಣೆಯ ಗೆರೆ, ಅಗಲ ಕಿವಿ ಒಂದನ್ನೂ ಬಿಡದೆ, ದೇವಮಾತೆಯಷ್ಟೇ ಗಾತ್ರದಲ್ಲಿ ಅವನನ್ನು ಬರೆದುಬಿಟ್ಟ. ಅಷ್ಟು ಚೆನ್ನಾದ ಕೆಲಸ ತನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ ಎಂದು ಅವನಿಗೇ ಹೆಮ್ಮೆಯಾಯಿತು.

ಪಾದ್ರಿಗಳು ನೋಡಿ ಕೆಂಡವಾದರು. ಭಾನುವಾರದೊಳಗೆ ನೇಕಾರನನ್ನು ಬೆರಳುದ್ದ ಮಾಡದಿದ್ದರೆ ಇಡೀ ಗೋಡೆಗೆ ಸುಣ್ಣ ಬಳಿಸುವುದಾಗಿಯೂ, ಚಿತ್ರಗಾರ ಆ ಊರಿನಲ್ಲಿ ಮತ್ತೆ ಕುಂಚ ಹಿಡಿಯದಂತೆ ಮಾಡುವುದಾಗಿಯೂ ಹೇಳಿ ಹೋದರು.

ಸುದ್ದಿ ತಿಳಿದು ನೇಕಾರನೇ ಓಡಿಬಂದ. ತನ್ನ ದೆಸೆಯಿಂದ ಒಬ್ಬನ ಅನ್ನಕ್ಕೆ ಕಲ್ಲು ಬೀಳುವುದು ಬೇಡ, ತನ್ನನ್ನು ಚಿಕ್ಕದು ಮಾಡಿಬಿಡು ಎಂದು ಗೋಗರೆದ. ಪಾಪ, ಹೆದರಿ ಅವನು ಇನ್ನೂ ಆ ಚಿತ್ರದ ಕಡೆ ತಿರುಗಿಯೂ ನೋಡಿರಲಿಲ್ಲ. ಚಿತ್ರಗಾರ ಅವನನ್ನು ಗೋಡೆಗೆ ಕಟ್ಟಿದ್ದ ಅಟ್ಟಣಿಗೆ ಹತ್ತಿಸಿ ಚಿತ್ರದ ಎದುರು ನಿಲ್ಲಿಸಿದ. ಕನ್ನಡಿಯಿಲ್ಲದ ಮನೆಯಲ್ಲಿ ಮುದುಕನಾದವನು ಮೊದಲ ಸಲ ತನ್ನ ಮುಖವನ್ನು ಸರಿಯಾಗಿ ನೋಡಿದ. ಬಹಳ ಹೊತ್ತು ನೋಡಿದ. ತನ್ನ ಹಣೆಯ ಗೆರೆಗಳನ್ನು ಮುಟ್ಟಿಕೊಂಡ. ಆಮೇಲೆ ಚಿಕ್ಕದು ಮಾಡು ಎನ್ನಲಿಲ್ಲ.

ಭಾನುವಾರ ಪಾದ್ರಿಗಳು ಸುಣ್ಣದ ಗಡಿಗೆ ಹೊರಿಸಿಕೊಂಡು ಬಂದರು. ನೇಕಾರ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಕೈಮುಗಿದು ಹೇಳಿದ.

"ಬಳಿಸುವುದಾದರೆ ಮೊದಲು ನನ್ನ ಈ ಮುಖಕ್ಕೆ ಬಳಿಸಿ, ಸ್ವಾಮಿ. ಇದನ್ನು ಮಾಡಿದವನು ದೇವರು. ಅವನು ಇದನ್ನು ಬೆರಳುದ್ದ ಮಾಡಲಿಲ್ಲ."

ಪಾದ್ರಿಗಳು ಗೋಡೆಯ ಮುಖವನ್ನೂ ಅವನ ಮುಖವನ್ನೂ ನೋಡಿದರು. ಎಷ್ಟೋ ವರ್ಷ ಪ್ರಸಾದ ಕೊಟ್ಟಿದ್ದರೂ ಆ ಮುಖವನ್ನು ಅವರು ದಿಟ್ಟಿಸಿ ನೋಡಿರಲಿಲ್ಲ. ಸುಣ್ಣದ ಗಡಿಗೆಯನ್ನು ಹಿಂದಕ್ಕೆ ಕಳುಹಿಸಿದರು. ಚಿತ್ರ ಉಳಿಯಿತು. ಕೇರಿಯವರು ಮಕ್ಕಳನ್ನು ಕರೆತಂದು, ಇವನು ನಮ್ಮವನು ಎಂದು ತೋರಿಸತೊಡಗಿದರು.

ಶಿಷ್ಯನಿಗೆ ಕತೆ ಹಿಡಿಸಿತು, ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಸರಿಸಮಕ್ಕೆ ಒಬ್ಬ ನೇಕಾರ ಬಂದಮೇಲೆ ದೇವಮಾತೆಯ ಹಿರಿಮೆಗೆ ಕುಂದಾಗಲಿಲ್ಲವೇ ಎಂದು ಕೇಳಿದ.

"ಮಗ ತನ್ನೆತ್ತರಕ್ಕೆ ಬೆಳೆದನೆಂದು ಯಾವ ತಾಯಿ ಕುಗ್ಗುತ್ತಾಳಪ್ಪಾ?" ಎಂದರು ಗುರುಗಳು.