ಗಾಣದ ಎತ್ತಿನ ಕಣ್ಣುಪಟ್ಟಿ

"ತಾಯಿ, ಗಾಣದ ಎತ್ತು ತಾನು ಕಾಶಿಗೆ ಹೊರಟಿದ್ದೇನೆಂದು ನಂಬಿ ಸುತ್ತುತ್ತದೆಯೇ?"

ಶಾಲ್ಮಲೆ ಹೀಗೆ ಕೇಳಿದಾಗ ಗುರುಮಾತೆ ಮುರಿಗೆಮ್ಮನವರು ಆಶ್ರಮದ ಜಗಲಿಯ ಮೇಲೆ ಕುಳಿತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಹೊಸೆಯುವ ಕೈ ನಿಲ್ಲಲಿಲ್ಲ.

"ಹಾಗೆಂದು ಯಾರು ಹೇಳಿದರು?"

"ನಮ್ಮ ಅಜ್ಜ. ನಾನು ಚಿಕ್ಕವಳಿದ್ದಾಗ ಹೇಳುತ್ತಿದ್ದರು. ಗಾಣಿಗ ಎತ್ತಿನ ಕಣ್ಣಿಗೆ ಪಟ್ಟಿ ಕಟ್ಟುತ್ತಾನೆ. ಎತ್ತು ತಾನು ಕಾಶಿಯಾತ್ರೆಗೆ ಹೊರಟೆನೆಂದು ದಿನವಿಡೀ ನಡೆಯುತ್ತದೆ. ಸಂಜೆ ಪಟ್ಟಿ ಬಿಚ್ಚಿದರೆ ಹೊರಟಲ್ಲಿಯೇ ನಿಂತಿರುತ್ತದೆ. ಆಗ ಅದರ ಕಣ್ಣಲ್ಲಿ ನೀರು ಬರುತ್ತದೆ. ಕತೆ ಪುಸ್ತಕ ಓದುವವರ ಪಾಡೂ ಇಷ್ಟೇ ಎಂದು ಅಜ್ಜ ಮುಗಿಸುತ್ತಿದ್ದರು. ಎತ್ತಿನ ಮನಸ್ಸಿನಲ್ಲಿ ಕಾಶಿ ಇದ್ದದ್ದು ನಿಮಗೆ ಹೇಗೆ ತಿಳಿಯಿತು ಎಂದು ಒಮ್ಮೆ ಕೇಳಿದೆ. ಹಿರಿಯರಿಗೆ ಎದುರು ಪ್ರಶ್ನೆ ಹಾಕಬಾರದು ಎಂದರು. ಪ್ರಶ್ನೆ ಅಲ್ಲಿಗೇ ನಿಂತಿತು."

"ಇವತ್ತು ಮತ್ತೆ ಎದ್ದದ್ದೇಕೆ?"

"ದ್ಯಾಮವ್ವನಿಂದ" ಎಂದಳು ಶಾಲ್ಮಲೆ.

ಸಂಗತಿ ಹೀಗಿತ್ತು. ಶಾಲ್ಮಲೆ ಕಾಲೇಜು ಮುಗಿಸಿ ಆಶ್ರಮ ಸೇರಿದವಳು. ಪುಸ್ತಕ ಭಂಡಾರದ ಹೊಣೆ ಅವಳದು. ಯಾವ ಗ್ರಂಥ ಯಾವ ಕಪಾಟಿನಲ್ಲಿ ಎಷ್ಟನೆಯದೆಂದು ಕಣ್ಣು ಮುಚ್ಚಿ ಹೇಳುವಷ್ಟು ಅಚ್ಚುಕಟ್ಟು. ಗತಿಸಿದ ದಾನಿಯೊಬ್ಬರ ಮನೆಯಿಂದ ಭಂಡಾರಕ್ಕೆ ಒಂದು ಟ್ರಂಕು ಬಂದಿತ್ತು. ಶಾಸ್ತ್ರಗ್ರಂಥಗಳಿರಬಹುದೆಂದು ತೆರೆದು ನೋಡಿದರೆ ಒಳಗಿದ್ದದ್ದೆಲ್ಲ ಕಾದಂಬರಿಗಳು. ಕೊಲೆ, ಪತ್ತೇದಾರಿ, ಪ್ರೇಮ, ಕಡಲುಗಳ್ಳರು, ಬಂಗಲೆಯ ಭೂತ. ಇವನ್ನು ಇಡಲು ಭಂಡಾರದಲ್ಲಿ ಜಾಗವಿಲ್ಲವೆಂದು ಶಾಲ್ಮಲೆ ಟ್ರಂಕನ್ನು ಅಡುಗೆಮನೆಯ ಪಡಸಾಲೆಗೆ ಸಾಗಿಸಿದಳು. ಅದೇ ತಪ್ಪಾಯಿತು. ಅಡುಗೆಯ ದ್ಯಾಮವ್ವ ಅಕ್ಷರ ಬಲ್ಲವಳು. ಕೋಳಿ ಕೂಗುವ ಹೊತ್ತಿಗೆ ಒಲೆಯ ಮುಂದೆ ಕುಳಿತರೆ ಆಶ್ರಮದವರಿಗೆಲ್ಲ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಹಿಟ್ಟು ಬೀಸಿ ಮತ್ತೆ ಒಲೆ ಹೊತ್ತಿಸುವಷ್ಟರಲ್ಲಿ ಸಂಜೆ. ನಡುವಿನ ಒಂದಿಷ್ಟು ಹೊತ್ತು ಅವಳದು. ಆ ಹೊತ್ತಿನಲ್ಲಿ ಅವಳು ಟ್ರಂಕಿನಿಂದ ಒಂದು ಪುಸ್ತಕ ತೆಗೆದು ಗಟ್ಟಿಯಾಗಿ ಓದತೊಡಗಿದಳು. ಪಾತ್ರೆ ತೊಳೆಯುವವರು ಬಂದು ಕುಳಿತರು. ನೂಲುವವರು ಬಂದು ಕುಳಿತರು. ಕಿವಿ ಕೇಳದ ಒಬ್ಬ ಮುದುಕಿಯೂ ಬಂದು ಕುಳಿತು, ಉಳಿದವರು ಬೆಚ್ಚಿದಾಗ ತಾನೂ ಬೆಚ್ಚತೊಡಗಿದಳು.

ಶಾಲ್ಮಲೆಗೆ ಅಜ್ಜನ ಎತ್ತು ನೆನಪಾಯಿತು. ಲೋಕವನ್ನು ತಿಳಿಯಲೆಂದು ಬಂದವರು ಲೋಕವನ್ನು ಮರೆಯುತ್ತ ಕುಳಿತರೆ ಆಶ್ರಮವೇಕೆ? ಅವಳು ರದ್ದಿಯವನಿಗೆ ಹೇಳಿ ಕಳಿಸಿದಳು. ಅವನು ತಕ್ಕಡಿ ಹೊತ್ತು ಬಂದ. ದ್ಯಾಮವ್ವ ಟ್ರಂಕಿನ ಮೇಲೆ ಕುಳಿತುಬಿಟ್ಟಳು.

"ಅಕ್ಕಾರ, ಸಾಹುಕಾರನ್ನ ಕೊಂದಾಂವ ಯಾರಂತ ಇನ್ನೂ ಗೊತ್ತಾಗಿಲ್ಲರಿ. ನಡು ಮನ್ಯಾಗ ಹೆಣಾ ಬಿಟ್ಟು ಎದ್ದು ಹೋಗೂದು ಯಾವ ಧರ್ಮರಿ?"

"ಅದು ಸುಳ್ಳು ಹೆಣ, ದ್ಯಾಮವ್ವ."

"ನಮ್ಮ ರೊಟ್ಟಿ ಖರೇ ಅದಾವಲ್ಲರಿ. ಈ ಹೆಣದ ಕತಿ ಓದೂ ಆಸೇಕ ಅವು ಲಗೂ ಲಗೂ ಬಡಿದು ಮುಗಿತಾವ."

ರದ್ದಿಯವನು ನಕ್ಕ. ಶಾಲ್ಮಲೆ ನಗಲಿಲ್ಲ. ನಾಳೆ ಬಾ ಎಂದು ಅವನನ್ನು ಕಳಿಸಿ, ನೇರವಾಗಿ ಗುರುಮಾತೆಯ ಬಳಿಗೆ ಬಂದಿದ್ದಳು.

ಗುರುಮಾತೆ ಎಲ್ಲವನ್ನೂ ಕೇಳಿಸಿಕೊಂಡರು. "ಟ್ರಂಕು ಇರಲಿ ಎನ್ನಲೇ, ಹೋಗಲಿ ಎನ್ನಲೇ ಎಂದು ಕೇಳಲು ಬಂದೆಯಲ್ಲವೇ? ಅದನ್ನು ನೀನೇ ಹೇಳಬೇಕು. ನನಗೆ ಗೊತ್ತಿರುವುದು ಒಬ್ಬ ಗಾಣಿಗನ ಕತೆ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನಿಗೆ ಒಬ್ಬ ಹೆಂಡತಿ, ಒಂದು ಎತ್ತು. ಪ್ರತಿದಿನ ಬೆಳಿಗ್ಗೆ ಅವನು ಎತ್ತಿನ ಕಣ್ಣಿಗೆ ಪಟ್ಟಿ ಕಟ್ಟಿ ಗಾಣಕ್ಕೆ ಹೂಡುತ್ತಿದ್ದ. ಎತ್ತು ಸುತ್ತುತ್ತಿತ್ತು. ಎಣ್ಣೆ ಇಳಿಯುತ್ತಿತ್ತು. ಮನೆ ನಡೆಯುತ್ತಿತ್ತು.

ಒಂದು ದಿನ ಒಬ್ಬ ಪಂಡಿತ ಎಣ್ಣೆಗೆಂದು ಬಂದ. ಅವನು ಸುಳ್ಳನ್ನು ಕಂಡರೆ ಸಹಿಸದವನು. ಎತ್ತಿನ ಕಣ್ಣುಪಟ್ಟಿಯನ್ನು ನೋಡಿ, "ಇದೇಕೆ?" ಎಂದ.

"ತಲೆ ಸುತ್ತಬಾರದೆಂದು, ಸ್ವಾಮಿ" ಎಂದ ಗಾಣಿಗ.

"ಅಲ್ಲ. ನೀನು ಮೂಕ ಪ್ರಾಣಿಗೆ ಮೋಸ ಮಾಡುತ್ತಿದ್ದೀಯೆ. ಅದು ತಾನು ಕಾಶಿಗೆ ನಡೆದಿದ್ದೇನೆಂದು ತಿಳಿದಿದೆ. ಪಟ್ಟಿ ಬಿಚ್ಚು. ಸತ್ಯವನ್ನು ಕಾಣಲಿ. ಕಂಡಮೇಲೆ ನಿರ್ಮೋಹದಿಂದ ದುಡಿಯುತ್ತದೆ."

ಗಾಣಿಗ ದೈವಭೀರು. ಪಂಡಿತರ ಮಾತೆಂದರೆ ಅವನಿಗೆ ದೇವರ ಮಾತಿಗಿಂತ ಹೆಚ್ಚಿನ ಭಯ. ದೇವರು ಎದುರಿಗೆ ನಿಂತು ಮಾತನಾಡುವುದಿಲ್ಲ, ಪಂಡಿತರು ಮಾತನಾಡುತ್ತಾರೆ. ಅವನು ಪಟ್ಟಿ ಬಿಚ್ಚಿದ.

ಎತ್ತು ಗೋಡೆಯನ್ನು ನೋಡಿತು. ಬಣವೆಯನ್ನು ನೋಡಿತು. ಮತ್ತೆ ಗೋಡೆ, ಮತ್ತೆ ಬಣವೆ. ಸ್ವಲ್ಪ ಹೊತ್ತಿಗೆ ಅದರ ಹೆಜ್ಜೆ ತಪ್ಪಿತು. ಬಾಯಲ್ಲಿ ನೊರೆ ಬಂತು. ಮೊಣಕಾಲೂರಿ ಕುಳಿತುಕೊಂಡಿತು.

"ನೋಡಿದೆಯಾ? ಈಗ ಅದಕ್ಕೆ ಸತ್ಯ ತಿಳಿಯಿತು. ವೈರಾಗ್ಯ ಹುಟ್ಟಿತು" ಎಂದು ಪಂಡಿತ ಸಂತೋಷದಿಂದ ಹೊರಟುಹೋದ. ಅವಸರದಲ್ಲಿ ಎಣ್ಣೆಯನ್ನು ಮರೆತ.

ಮರುದಿನವೂ ಗಾಣಿಗ ಪಟ್ಟಿ ಕಟ್ಟಲಿಲ್ಲ. ಎತ್ತು ಗಾಣದ ಹತ್ತಿರ ಬಂದು, ಅದನ್ನು ನೋಡಿ, ಹಿಂದಕ್ಕೆ ಸರಿಯಿತು. ಅದರ ಮರುದಿನವೂ ಹಾಗೆಯೇ. ಮನೆಯಲ್ಲಿ ಎಣ್ಣೆ ಮುಗಿಯಿತು. ಗಾಣಿಗನ ಮನೆಯಲ್ಲಿಯೇ ದೀಪವಿಲ್ಲವೆಂದು ಊರು ನಕ್ಕಿತು. ದುಡಿಯದ ಎತ್ತಿನ ಸುದ್ದಿ ಕೇಳಿ ಒಬ್ಬ ದಲ್ಲಾಳಿ ಹಗ್ಗ ಹಿಡಿದು ಬಂದ. ಅವನು ಎಂಥ ಎತ್ತುಗಳನ್ನು ಕೊಳ್ಳುತ್ತಾನೆ, ಕೊಂಡು ಎಲ್ಲಿಗೆ ಒಯ್ಯುತ್ತಾನೆ ಎಂಬುದು ಎಲ್ಲರಿಗೂ ತಿಳಿದಿತ್ತು. ಗಾಣಿಗ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ.

ಅವನ ಹೆಂಡತಿ ಹೊರಗೆ ಬಂದಳು. "ಮಾರುವ ಮುಂಚೆ ಎತ್ತನ್ನೂ ಒಂದು ಮಾತು ಕೇಳೋಣ. ಪಂಡಿತರನ್ನು ಕರೆದುಕೊಂಡು ಬನ್ನಿ" ಎಂದಳು.

ಪಂಡಿತ ಬಂದ. ತೊಳೆದ ಬಿಳಿಯ ಪಂಚೆ ಉಟ್ಟು ಅಂಗಳದ ನಡುವೆ ನಿಂತ. ದಲ್ಲಾಳಿ ಹಗ್ಗ ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತ. ಹೆಂಗಸು ಎತ್ತಿಗೆ ಪಟ್ಟಿ ಕಟ್ಟಿದಳು. ಎತ್ತು ನೊಗಕ್ಕೆ ಹೆಗಲು ಕೊಟ್ಟಿತು. ಗಾಣ ತಿರುಗಿತು. ಎಣ್ಣೆ ಇಳಿಯಿತು.

"ಮೋಹ ಮರಳಿತು" ಎಂದ ಪಂಡಿತ.

"ಇರಬಹುದು, ಸ್ವಾಮಿ. ಈಗ ಇದು ಕಾಶಿಗೆ ನಡೆದಿದೆ ಎನ್ನುತ್ತೀರಿ. ಹಾಗಾದರೆ ಪಟ್ಟಿ ಬಿಚ್ಚಿದ ಕೂಡಲೇ ಗಂಗೆಯನ್ನು ಹುಡುಕಬೇಕು. ಇಲ್ಲವೇ ಮೋಸ ತಿಳಿದು ನಿಂತಲ್ಲಿಯೇ ಅಳಬೇಕು. ನೋಡೋಣ."

ಹೊತ್ತು ಇಳಿದಾಗ ಅವಳು ನೊಗ ಕಳಚಿ ಪಟ್ಟಿ ಬಿಚ್ಚಿದಳು. ಎತ್ತು ಅಳಲಿಲ್ಲ. ಗಂಗೆಯನ್ನು ಹುಡುಕಲಿಲ್ಲ. ಎಡಕ್ಕೂ ನೋಡದೆ ಬಲಕ್ಕೂ ನೋಡದೆ ಕೊಟ್ಟಿಗೆಯ ಮೂಲೆಯಲ್ಲಿದ್ದ ತನ್ನ ನೀರಿನ ಬಾನಿಗೆ ಹೋಗಿ ಗಟಗಟನೆ ನೀರು ಕುಡಿಯಿತು. ಹಿಂತಿರುಗಿ ಬರುವಾಗ ದಾರಿಗೆ ಅಡ್ಡ ನಿಂತಿದ್ದ ಪಂಡಿತನ ಪಂಚೆಗೆ ತನ್ನ ಒದ್ದೆ ಮೂತಿಯನ್ನು ಒರೆಸಿತು.

"ಕಾಶಿಯಿಂದ ಬಂದ ಎತ್ತು, ಸ್ವಾಮಿ. ನಿಮಗೆ ತೀರ್ಥ ತಂದಿದೆ" ಎಂದಳು ಹೆಂಗಸು.

ದಲ್ಲಾಳಿ ನಕ್ಕು ಹಗ್ಗ ಹೆಗಲಿಗೆ ಹಾಕಿಕೊಂಡು ಹೋದ. ಪಂಡಿತನೂ ನಕ್ಕನೆಂದು ಹೇಳುತ್ತಾರೆ. ಆ ದಿನ ಅವನು ಎಣ್ಣೆಯನ್ನು ಮರೆಯಲಿಲ್ಲ.

ಗುರುಮಾತೆ ಇಷ್ಟು ಹೇಳಿ ಹೊಸೆದ ಬತ್ತಿಗಳನ್ನು ಒಟ್ಟುಗೂಡಿಸಿದರು. ಶಾಲ್ಮಲೆ ನಗು ತಡೆದುಕೊಂಡು ಕುಳಿತಿದ್ದಳು. ನಕ್ಕುಬಿಟ್ಟರೆ ಒಪ್ಪಿಕೊಂಡ ಹಾಗಾಗುತ್ತದೆ ಎಂಬುದು ಅವಳ ಅಂಜಿಕೆ.

"ತಾಯಿ, ತಪ್ಪು ತಿಳಿಯಬೇಡಿ. ಅಜ್ಜನ ಎತ್ತು ಕತೆ ಎಂದ ಮೇಲೆ ಈ ಎತ್ತೂ ಕತೆಯೇ ಅಲ್ಲವೇ? ಅಲ್ಲಿ ಅಳಬೇಕಿತ್ತು, ಅತ್ತಿತು. ಇಲ್ಲಿ ನೀರು ಕುಡಿಯಬೇಕಿತ್ತು, ಕುಡಿಯಿತು."

"ಕತೆಯೇ" ಎಂದರು ಗುರುಮಾತೆ. ಅವರ ಮುಖ ಅರಳಿತು. "ಆ ಅಂಗಳದಲ್ಲಿ ನಾನು ಇರಲಿಲ್ಲ. ಕೆರೆಯ ಆಚೆ ದಂಡೆಯಲ್ಲಿ ಒಂದು ಗಾಣವಿದೆ. ನಿನಗೆ ಕಾಲಿದೆ, ಕಣ್ಣಿದೆ."

ಅದೇ ಸಂಜೆ ಶಾಲ್ಮಲೆ ಕೆರೆಯ ಏರಿ ದಾಟಿ ಗಾಣದ ಮನೆಗೆ ಹೋದಳು. ಗಾಣಿಗಿತ್ತಿ ಮಡಕೆಗೆ ಎಣ್ಣೆ ತುಂಬುತ್ತಿದ್ದಳು.

"ಎಣ್ಣಿ ಬೇಕಾಗಿತ್ತೇನ್ರಿ, ಅಕ್ಕಾರ?"

"ಇಲ್ಲಮ್ಮ. ಎತ್ತಿನ ಪಟ್ಟಿ ಬಿಚ್ಚುವುದನ್ನು ನೋಡಬೇಕಾಗಿತ್ತು."

"ಅದರಾಗ ನೋಡೂದೇನೈತ್ರಿ?" ಎಂದು ಗಾಣಿಗಿತ್ತಿ ಆಶ್ರಮದವರ ತಲೆಯ ಬಗ್ಗೆ ತನಗೆ ಮೊದಲಿನಿಂದ ಇದ್ದ ಅನುಮಾನ ಗಟ್ಟಿಯಾದವಳಂತೆ ನಕ್ಕಳು. "ನೋಡ್ರಿ ಹಂಗಾದ್ರ. ಮೇಯೂ ಮುಂದ ಬಿಚ್ಚಲೇಬೇಕು. ಹಗಲೂ ರಾತ್ರಿ ಕಟ್ಟಿಟ್ರ ಅದು ಎತ್ತಲ್ಲ, ಕುರುಡ."

ಪಟ್ಟಿ ಬಿಚ್ಚಿದಳು. ಎತ್ತು ಒಂದು ಕ್ಷಣ ಕಣ್ಣು ಪಿಳುಕಿಸಿತು. ಆಮೇಲೆ ಅಂಗಳ ದಾಟಿ ಹಿಂಡಿ ನೆನೆಸಿದ ಬಾನಿಗೆ ನೇರವಾಗಿ ಹೋಗಿ ಮೂತಿ ಇಳಿಸಿತು. ಶಾಲ್ಮಲೆ ಹತ್ತಿರ ಹೋಗಿ ಬಗ್ಗಿ ಅದರ ಕಣ್ಣುಗಳನ್ನು ನೋಡಿದಳು. ಎರಡೂ ಒಣಗಿದ್ದವು. ಬಾನಿಯ ಕಡೆಗಲ್ಲದೆ ಬೇರೆಲ್ಲಿಯೂ ಅವಕ್ಕೆ ಲಕ್ಷ್ಯವಿರಲಿಲ್ಲ.

ಇಷ್ಟಕ್ಕೆ ಹಿಂತಿರುಗಬಹುದಿತ್ತು. ಆದರೆ ಬಿಚ್ಚುವುದನ್ನು ಮಾತ್ರ ನೋಡಿ ಕಟ್ಟುವುದನ್ನು ನೋಡದೆ ತೀರ್ಮಾನಿಸಿದರೆ ಅರ್ಧ ಪುಟ ಓದಿ ಪುಸ್ತಕ ಮುಚ್ಚಿದಂತೆ ಎನ್ನಿಸಿತು. ಮರುದಿನ ಬೆಳಿಗ್ಗೆ ಮತ್ತೆ ಹೋದಳು.

"ಮತ್ತ ಬಂದ್ರಿ? ಬಂದದ್ದು ಚಲೋ ಆತು, ಇದನ್ನ ಹಿಡೀರಿ" ಎಂದು ಗಾಣಿಗಿತ್ತಿ ಪಟ್ಟಿಯನ್ನು ಅವಳ ಕೈಗೆ ಕೊಟ್ಟು ಎಳ್ಳು ತರಲು ಒಳಗೆ ಹೋದಳು. ಹಳೆಯ ಸೀರೆಯ ಪಟ್ಟಿ. ಎಣ್ಣೆ ಕುಡಿದು ಮೆತ್ತಗಾಗಿತ್ತು. ಶಾಲ್ಮಲೆ ಅದನ್ನು ಹಿಡಿದುಕೊಂಡು ನಿಂತಳು. ಮೇಯುತ್ತಿದ್ದ ಎತ್ತು ತಲೆ ಎತ್ತಿ ಅವಳ ಮುಖವನ್ನು ನೋಡಿತು, ಪಟ್ಟಿಯನ್ನು ನೋಡಿತು. ಯಾರೂ ಕರೆಯಲಿಲ್ಲ, ಯಾರೂ ಎಳೆಯಲಿಲ್ಲ. ಮೆಲ್ಲಗೆ ನಡೆದು ಬಂದು ಅವಳ ಎದುರಿಗೆ ನಿಂತಿತು. ಕೊಂಬು ಅವಳಿಗೆ ತಾಕದಂತೆ ತಲೆಯನ್ನು ಒಂದು ಕಡೆಗೆ ವಾಲಿಸಿ, ಹಣೆಯನ್ನು ಅವಳ ಕೈಯ ಮಟ್ಟಕ್ಕೆ ತಗ್ಗಿಸಿ, ತಾನಾಗಿಯೇ ಕಣ್ಣು ಮುಚ್ಚಿ ಕಾಯಿತು. ಅದರ ಬಿಸಿಯುಸಿರು ಅವಳ ಮುಂಗೈಗೆ ತಾಗುತ್ತಿತ್ತು.

ಅವಳು ಆಶ್ರಮಕ್ಕೆ ಮರಳಿದಾಗ ರದ್ದಿಯವನು ಇನ್ನೂ ಬಂದಿರಲಿಲ್ಲ. ಟ್ರಂಕು ಪಡಸಾಲೆಯಲ್ಲಿಯೇ ಇತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು ಎಂದಿಗಿಂತ ಬಿರುಸಾಗಿ ಕೇಳುತ್ತಿತ್ತು. ಗುರುಮಾತೆ ಜಗಲಿಯ ಮೇಲಿದ್ದರು.

"ತಾಯಿ, ಎತ್ತು ಅಳಲಿಲ್ಲ. ಬಾನಿಗೇ ಹೋಯಿತು. ನಿಮ್ಮ ಕತೆಯಲ್ಲಿ ಇದ್ದ ಹಾಗೆಯೇ" ಎಂದಳು ಶಾಲ್ಮಲೆ. ತೂಗಿ ತೂಗಿ ಮುಂದುವರಿಸಿದಳು. "ನಿಮ್ಮ ಕತೆಯಲ್ಲಿ ಇಲ್ಲದ್ದನ್ನೂ ಒಂದು ನೋಡಿದೆ. ಪಟ್ಟಿ ಹಿಡಿದು ನಿಂತರೆ ಅದು ತಾನಾಗಿಯೇ ಬಂದು ತಲೆ ತಗ್ಗಿಸುತ್ತದೆ. ಅದಕ್ಕೆ ಪಟ್ಟಿ ಎಂದರೆ ಏನೆಂದು ಗೊತ್ತಿದೆ. ನನ್ನ ಕಣ್ಣಾರೆ ಕಂಡೆ. ನನ್ನ ಕೈಯಲ್ಲಿಯೇ ಪಟ್ಟಿ ಇತ್ತು."

ಗುರುಮಾತೆ ತಲೆ ಎತ್ತಿ ಅವಳನ್ನು ನೋಡಿದರು. ಆಮೇಲೆ ಅವರು ಕೇಳಿದ್ದು ಒಂದೇ ಮಾತು. ಅದನ್ನು ಕೇಳಿ ಶಾಲ್ಮಲೆಯ ಕಣ್ಣು ಪಡಸಾಲೆಯ ಟ್ರಂಕಿನ ಕಡೆಗೆ ಹೋಯಿತು.

"ಕಟ್ಟಿದೆಯಾ ಮಗಳೇ, ಇಲ್ಲ ಅದಕ್ಕೂ ಉಪದೇಶ ಮಾಡಿ ಬಂದೆಯಾ?"