ಅತ್ತೆ ಪಾತ್ರದ ಸಂಬಳ

ನಗೆ ಧಾರಾವಾಹಿಯೊಂದರಲ್ಲಿ ಅತ್ತೆಯ ಪಾತ್ರ ಮಾಡುತ್ತಿದ್ದ ಅಂಬುಜಾಕ್ಷಿಗೆ ಆ ದಿನ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಧಾರಾವಾಹಿ ಮನೆಮನೆಯಲ್ಲೂ ಗೆದ್ದಿತ್ತು. ಸಂಬಳ ಮೂರು ಪಟ್ಟು ಮಾಡಿ ಎಂದು ಕೇಳಿದ್ದಕ್ಕೆ ನಿರ್ಮಾಪಕ ಚನ್ನವೀರಪ್ಪ ನಕ್ಕುಬಿಟ್ಟಿದ್ದ.

“‘ನಾನೇನೂ ಹೇಳೋದಿಲ್ಲಪ್ಪ’ ಅನ್ನೋದೊಂದೇ ನಿಮ್ಮ ಮಾತು. ಅದನ್ನ ಯಾರು ಹೇಳಿದ್ರೂ ಜನ ನಗ್ತಾರೆ.”

“ಹಾಗಾದ್ರೆ ಇವತ್ತು ಜಾಹೀರಾತುದಾರರ ಸಭೇಲಿ ನೀವೇ ಹೇಳಿಬಿಡಿ ಸಾರ್. ಅವರು ನಕ್ಕರೆ ನಾನು ಹಳೇ ಸಂಬಳಕ್ಕೇ ದುಡೀತೀನಿ.”

ಚನ್ನವೀರಪ್ಪ ಗತ್ತಿನಿಂದ ವೇದಿಕೆ ಹತ್ತಿ, ಕೈಯಾಡಿಸಿ ಹೇಳಿದ: “ನಾನೇನೂ ಹೇಳೋದಿಲ್ಲಪ್ಪ.”

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಸಾಬೂನು ಕಂಪನಿಯವರು ಗಾಬರಿಯಿಂದ ಕೇಳಿದರು: “ಯಾಕೆ ಸಾರ್, ಏನಾದ್ರೂ ತೊಂದರೆಯಾ?”

ಬೆವರುತ್ತಿದ್ದ ಅವನ ಪಕ್ಕಕ್ಕೆ ಅಂಬುಜಾಕ್ಷಿ ಹೋಗಿ ನಿಂತಳು. ಸೆರಗು ಸಿಕ್ಕಿಸಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕತ್ತು ತಿರುವಿ, “ನಾನೇನೂ ಹೇಳೋದಿಲ್ಲಪ್ಪ” ಎಂದಳು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಸಾಬೂನಿನವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಮೆಟ್ಟಿಲಿಳಿಯುವಾಗ ಚನ್ನವೀರಪ್ಪ ಪಿಸುಗುಟ್ಟಿದ: “ಮೂರು ಪಟ್ಟು ಕೊಡ್ತೀನಮ್ಮ. ಉಳಿದ ಕಲಾವಿದರಿಗೆ ಮಾತ್ರ ಗೊತ್ತಾಗಬಾರದು.”

“ಗೊತ್ತಾಗದೆ ಇರುತ್ತಾ ಸಾರ್?” ಎಂದಳು ಅಂಬುಜಾಕ್ಷಿ. “ಅವರೆಲ್ಲ ನಿಮ್ಮ ಹಿಂದೇನೇ ನಿಂತಿದ್ದಾರೆ.”